ನೆಲ ಬಿಡದ ವಿಮಾನ

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸಕ್ಕೆ ತೊಡಗಬಾರದೆಂದು ಹಿರಿಯರು ಎಚ್ಚರಿಸುವುದುಂಟು. ವಿಮಾನ ಸಂಸ್ಥೆಯೊಂದರಲ್ಲಿ ಚಾಲಕನ ಕೆಲಸಕ್ಕೆ ಅರ್ಜಿ ಹಾಕಿಕೊಂಡ ತರುಣನಷ್ಟು ಈ ಮಾತಿನ ಬೆಲೆಯನ್ನು ಬಲ್ಲವರು ವಿರಳ. 200 ಗಂಟೆಗಳ ಹಾರಾಟ ಮುಗಿಸಿ, ವಾಣಿಜ್ಯ ಚಾಲಕನ ಲೈಸೆನ್ಸ್ ಪಡೆದು, ಬರಹದ ಪರೀಕ್ಷೆಯನ್ನೂ ದಾಟಿ ಬಂದವನಿಗೆ ಮುಂದೆ ಎದುರಾಗುವುದು ನೆಲವನ್ನೇ ಬಿಡದ ಒಂದು ವಿಮಾನ. ಸಿಮ್ಯುಲೇಟರ್ ಎಂದು ಅದರ ಹೆಸರು. ಅದರೊಳಗೆ ಕಳೆಯುವ ಒಂದೆರಡು ಗಂಟೆಗಳ ಮೇಲೆ ಅವನ ಕೆಲಸ ಮಾತ್ರವಲ್ಲ, ತಂದೆಯವರು ಮನೆಯ ಪತ್ರ ಅಡವಿಟ್ಟು ತಂದ ಸಾಲದ ಗತಿಯೂ ನಿಂತಿರುತ್ತದೆ.

ಈ ಯಂತ್ರದ ಹುಟ್ಟು ಸ್ವಾರಸ್ಯವಾದುದು. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ಮಗನಿಗೆ ಹಾರಾಟದ ಹುಚ್ಚು. ಕಲಿಯುವ ಖರ್ಚೋ ವಿಪರೀತ. ವಾದ್ಯಗಳಿಗೆ ಗಾಳಿಯೂಡುವ ತಿದಿಗಳನ್ನೇ ಬಳಸಿ ಆತ 1929ರಲ್ಲಿ ಅತ್ತಿತ್ತ ಓಲಾಡುವ ಪುಟ್ಟ ವಿಮಾನವೊಂದನ್ನು ಕಟ್ಟಿದ. ಮೊದಮೊದಲು ಜನ ಅದನ್ನು ಜಾತ್ರೆಯ ಆಟಿಕೆಯಂತೆ ಕಂಡರು. 1934ರಲ್ಲಿ ಅಮೆರಿಕದ ಸೇನಾ ವಿಮಾನದಳ ಅಂಚೆ ಸಾಗಿಸುವ ಹೊಣೆ ಹೊತ್ತಾಗ, ಕೆಟ್ಟ ಹವೆಯಲ್ಲಿ ಉಪಕರಣಗಳನ್ನೇ ನಂಬಿ ಹಾರುವ ಅಭ್ಯಾಸವಿಲ್ಲದ ಚಾಲಕರು ಹಲವರು ಮಡಿದರು. ಆಮೇಲೆ ಸೇನೆ ಲಿಂಕನ ಆರು ಯಂತ್ರಗಳನ್ನು ಕೊಂಡಿತು. ಆಟಿಕೆಯೆನಿಸಿದ್ದುದು ಪ್ರಾಣ ಕಾಯುವ ಗುರುವಾಯಿತು.

ಇಂದಿನ ಸಿಮ್ಯುಲೇಟರ್ ಆರು ಕಾಲುಗಳ ಮೇಲೆ ನಿಂತ ದೊಡ್ಡ ಪೆಟ್ಟಿಗೆ. ಒಳಗೆ ನಿಜವಾದ ವಿಮಾನದ ಮುಂಗೋಣೆ. ಎದುರಿಗೆ ರನ್‌ವೇಯ ಚಿತ್ರ. ಪೆಟ್ಟಿಗೆಯನ್ನು ಮೆಲ್ಲನೆ ಹಿಂದಕ್ಕೆ ವಾಲಿಸಿದರೆ ಭೂಮಿಯ ಸೆಳೆತವೇ ಬೆನ್ನನ್ನು ಕುರ್ಚಿಗೆ ಒತ್ತುತ್ತದೆ. ಕಣ್ಣಿಗೆ ಮಾತ್ರ ರನ್‌ವೇ ಸಮನಾಗಿಯೇ ಕಾಣುತ್ತಿರುವುದರಿಂದ, ವಿಮಾನ ಮುಂದಕ್ಕೆ ನುಗ್ಗುತ್ತಿದೆಯೆಂದು ಮನಸ್ಸು ನಂಬಿಬಿಡುತ್ತದೆ. ಪರೀಕ್ಷೆ ಹುಸಿಯೆಂದು ಬುದ್ಧಿ ಎಷ್ಟು ಹೇಳಿದರೂ ಅಂಗೈ ಬೆವರುವುದು ನಿಲ್ಲುವುದಿಲ್ಲ.

ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ನೂರು ನಾಟ್‌ಗಳ ಆಸುಪಾಸಿನ ವೇಗಕ್ಕೆ ಒಗ್ಗಿದವನಿಗೆ ಇಲ್ಲಿ ಇಳಿಯುವಾಗಲೇ 140 ನಾಟ್ ವೇಗ. ಸ್ವಯಂಚಾಲಕದ ಸಹಾಯವನ್ನೂ ಬಹುಮಟ್ಟಿಗೆ ಕಿತ್ತುಕೊಂಡಿರುತ್ತಾರೆ. 45 ಡಿಗ್ರಿ ವಾಲಿಸಿ ತಿರುಗು, ಎತ್ತರ ನೂರು ಅಡಿಗಿಂತ ಹೆಚ್ಚು ತಪ್ಪಕೂಡದು ಎಂದು ಪರೀಕ್ಷಕರ ಆಜ್ಞೆ. ಅಂಥ ತಿರುವಿನಲ್ಲಿ ರೆಕ್ಕೆಗಳು ವಿಮಾನದ ತೂಕದ 1.4ರಷ್ಟು ಭಾರವನ್ನು ಹೊರಬೇಕು. ಆದ್ದರಿಂದ ಮೂಗನ್ನು ತುಸು ಎತ್ತದಿದ್ದರೆ ವಿಮಾನ ಕೆಳಕ್ಕೆ ಜಾರುತ್ತದೆ. ಬಳಿಕ ಮೂರು ಡಿಗ್ರಿಯ ಇಳಿಜಾರಿನಲ್ಲಿ ರನ್‌ವೇಯತ್ತ ಬರಬೇಕು. ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂಬ ಲೆಕ್ಕ ದೊರೆಯುತ್ತದೆ: 140 ನಾಟ್‌ಗೆ 700 ಅಡಿ. ಇಂಥ ಬಾಯಿಲೆಕ್ಕಗಳು ಮಗ್ಗಿಯಂತೆ ನಾಲಗೆಯ ತುದಿಯಲ್ಲಿರಬೇಕು.

ಇದಕ್ಕೆ ಸಿದ್ಧತೆ ನಡೆಯುವುದು ಬಹುಪಾಲು ಮನೆಯಲ್ಲಿಯೇ. ಉಪಕರಣ ಫಲಕದ ಚಿತ್ರವನ್ನು ಗೋಡೆಗೆ ಅಂಟಿಸಿ, ಊಟದ ಮೇಜಿನ ಕುರ್ಚಿಯನ್ನು ಎಳೆದುಕೊಂಡು, ಕಾಣದ ಹಿಡಿಯನ್ನು ಕೈಯಲ್ಲಿ ಹಿಡಿದು ಅಭ್ಯರ್ಥಿ ದಿನಕ್ಕೆ ಹಲವು ಬಾರಿ ಹಾರುತ್ತಾನೆ. ಮೂಗು ಇಷ್ಟು ಡಿಗ್ರಿ, ಎಂಜಿನ್ನಿನ ಶಕ್ತಿ ಇಷ್ಟು ಎಂದು ಹೊಂದಿಸಿದರೆ ವೇಗ ತಾನಾಗಿ ನೆಲೆಗೊಳ್ಳುತ್ತದೆ. ಮುಳ್ಳಿನ ಬೆನ್ನುಹತ್ತಿದರೆ ಯಾವುದೂ ನಿಲ್ಲುವುದಿಲ್ಲ. ಆ ಅಂಕಿಗಳನ್ನೂ ಗಟ್ಟಿಯಾಗಿ ಕೂಗಬೇಕಾದ ಸೂಚನೆಗಳನ್ನೂ ಅವನು ಬಾಯಿಪಾಠ ಮಾಡುತ್ತಾನೆ. ಮಗ ಗೋಡೆಯೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿರುವುದನ್ನು ಕಂಡು ಅಜ್ಜಿ ದೃಷ್ಟಿ ತೆಗೆಯಲು ಹೊರಟರೆ ಆಶ್ಚರ್ಯವಿಲ್ಲ.

ಆದರೆ ಕೈಚಳಕವೊಂದನ್ನೇ ಪರೀಕ್ಷಕರು ನೋಡುವುದಿಲ್ಲ. ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ, ಸರದಿಯಂತೆ ಒಬ್ಬನಿಗೆ ಚಾಲನೆಯನ್ನೂ ಇನ್ನೊಬ್ಬನಿಗೆ ಸಹಾಯವನ್ನೂ ಒಪ್ಪಿಸುತ್ತಾರೆ. ಪಕ್ಕದಲ್ಲಿರುವವನು ಅದೇ ಕೆಲಸಕ್ಕೆ ಬಂದ ಸ್ಪರ್ಧಿ. ಅವನ ಎತ್ತರ ತಪ್ಪುತ್ತಿದೆಯೆಂದು ಕಂಡಾಗ ಸುಮ್ಮನಿದ್ದರೆ ತನಗೇ ಲಾಭವಲ್ಲವೆ ಎಂದು ಮನಸ್ಸು ಪಿಸುಗುಟ್ಟಬಹುದು. ಹಾಗೆ ಸುಮ್ಮನಾದವನು ಆ ಕ್ಷಣವೇ ಸೋತಂತೆ.

ಈ ನಿಯಮಕ್ಕೆ ತೆತ್ತ ಬೆಲೆ ದೊಡ್ಡದು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದ ಮೇಲೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಸುಮಾರು ಒಂದು ಗಂಟೆ ಸುತ್ತಿತು. ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಮುಖ್ಯ ಚಾಲಕ ಮುಳುಗಿದ್ದ. ಇಂಧನ ತೀರುತ್ತಿರುವುದನ್ನು ಜೊತೆಯವರು ಬಲ್ಲರು. ಆದರೆ ಅವನಿಗೆ ನಾಟುವಂತೆ ಖಂಡಿತವಾಗಿ ಹೇಳಲಿಲ್ಲ. ಎಂಜಿನ್ನುಗಳು ನಿಂತು ವಿಮಾನ ನೆಲಕ್ಕೆ ಬಿದ್ದಾಗ 10 ಮಂದಿ ಸತ್ತರು. ಹಿರಿಯನಿಗೂ ವಿನಯದಿಂದ, ಆದರೆ ಸ್ಪಷ್ಟವಾಗಿ ಎಚ್ಚರಿಕೆ ನುಡಿಯುವುದನ್ನು ವಿಮಾನ ಸಂಸ್ಥೆಗಳು ಪಾಠವಾಗಿ ಕಲಿಸತೊಡಗಿದ್ದು ಇಂಥ ದುರಂತಗಳ ಬಳಿಕವೇ.

ಪರೀಕ್ಷೆಯ ನಡುವೆ ಎಂಜಿನ್ ಕೆಡಬಹುದು. ಆಗ ಗುಂಡಿಗಳಿಗೆ ಕೈಹಾಕುವ ಆತುರ ಹುಟ್ಟುವುದು ಸಹಜ. ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲು ವಿಮಾನವನ್ನು ನೇರವಾಗಿ ಹಾರಿಸಬೇಕು. ಅನಂತರ ದಾರಿ, ಆಮೇಲೆ ಮಾತು. ಇಳಿಯುವುದು ಸರಿಹೋಗದಿದ್ದರೆ ಮತ್ತೆ ಮೇಲೇರಿ ಬರುವುದು ಅವಮಾನವಲ್ಲ, ವಿವೇಕ. ತಪ್ಪು ಮಾಡದವನನ್ನು ಪರೀಕ್ಷಕರು ಹುಡುಕುವುದಿಲ್ಲ. ಮೊದಲ ತಿರುವಿನಲ್ಲಿ ಮಾಡಿದ ತಪ್ಪನ್ನು ಎರಡನೆಯ ತಿರುವಿನಲ್ಲಿ ತಿದ್ದಿಕೊಂಡವನನ್ನು, ಅರಿಯದ್ದನ್ನು ಅರಿಯೆನೆಂದು ಒಪ್ಪಿದವನನ್ನು ಹುಡುಕುತ್ತಾರೆ. ಕಲಿಯಬಲ್ಲವನಿಗೆ ಉಳಿದುದನ್ನು ಸಂಸ್ಥೆಯೇ ಕಲಿಸುತ್ತದೆ.

ಫಲ ಏನೇ ಆಗಲಿ, ಆ ಪೆಟ್ಟಿಗೆಯಿಂದ ಹೊರಬಂದವನು ನೆಲದ ಮೇಲೆಯೇ ಕಾಲಿಡುತ್ತಾನೆ. ಸೋತರೆ ತಿಂಗಳುಗಟ್ಟಲೆ ಕಾಯಬೇಕಾದೀತು. ಸಾಲದ ಕಂತು ಮಾತ್ರ ಕಾಯುವುದಿಲ್ಲ. ಆ ನೋವು ಸಣ್ಣದಲ್ಲ. ಆದರೂ ಅಲ್ಲಿ ಬಿದ್ದ ವಿಮಾನದಿಂದ ಯಾರಿಗೂ ಗಾಯವಾಗಲಿಲ್ಲ. ಮುಂದೊಂದು ದಿನ ಅವನ ಬೆನ್ನ ಹಿಂದೆ ನೂರೆಂಬತ್ತು ಮಂದಿ ನಿಶ್ಚಿಂತೆಯಿಂದ ನಿದ್ರಿಸಬೇಕಾದರೆ, ಬೀಳುವುದೆಲ್ಲ ಇಲ್ಲಿಯೇ ಮುಗಿಯುವುದು ಮೇಲು.