ಬಿಚ್ಚಿದ ಯಂತ್ರವನ್ನು ಮರಳಿ ಕಟ್ಟುವ ವಿದ್ಯೆ

ಮನೆಯಲ್ಲಿ ಕೆಟ್ಟು ಕುಳಿತ ರೇಡಿಯೋ, ಟೇಪ್ ರೆಕಾರ್ಡರ್, ವಿಡಿಯೋ ಗೇಮ್ ಮುಂತಾದವುಗಳ ಮೇಲೆ ಹುಡುಗರ ಕಣ್ಣು ಬೀಳುವುದು ಹೊಸತೇನಲ್ಲ. ಸ್ಕ್ರೂಡ್ರೈವರ್ ಹಿಡಿದು ಜಗುಲಿಯ ಮೇಲೆ ಎಲ್ಲವನ್ನೂ ಹರವಿದರೆ ಅಜ್ಜಿ ಗದರುತ್ತಾರೆ, ತಂದೆ ಖರ್ಚಿನ ಲೆಕ್ಕ ತೆಗೆಯುತ್ತಾರೆ. ಹೀಗೆ ಬಿಚ್ಚುವವರಲ್ಲಿ ಒಂದು ವಿಶೇಷ ವರ್ಗವುಂಟು. ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವನ್ನು ಬಿಚ್ಚಿ, ಅದಕ್ಕೆ ಚಿಕ್ಕ ಪರದೆಯನ್ನೂ ಬ್ಯಾಟರಿಯನ್ನೂ ಕೂಡಿಸಿ, ಕೈಯಲ್ಲಿ ಹಿಡಿದು ಆಡುವಂತೆ ಮರಳಿ ಕಟ್ಟುವವರು ಅವರು. ಆಟದ ವಿಷಯವೆಂದು ಹಿರಿಯರು ಪುಟ ಮಗುಚದೆ ಓದಬೇಕೆಂದು ನಮ್ಮ ವಿನಂತಿ. ಮನೆಯ ಮಗ ವಸ್ತುವನ್ನು ಹಾಳುಮಾಡುತ್ತಿದ್ದಾನೆಯೋ ವಿದ್ಯೆಯನ್ನು ಕಲಿಯುತ್ತಿದ್ದಾನೆಯೋ ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ.

ಈ ಕೆಲಸಕ್ಕೆ ಹೆಸರಾದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೆಂಜಮಿನ್ ಹೆಕೆಂಡಾರ್ನ್. ವೃತ್ತಿಯಿಂದ ಗ್ರಾಫಿಕ್ ಕಲಾವಿದರಾಗಿದ್ದ ಇವರು 2000ದ ಸುಮಾರಿಗೆ ಅಟಾರಿ 2600 ಎಂಬ ಹಳೆಯ ಯಂತ್ರವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಕಟ್ಟಿದರು. ಮುಂದೆ ಬೇರೆ ಬೇರೆ ಯಂತ್ರಗಳನ್ನೂ ಹೀಗೆಯೇ ಕಟ್ಟಿ, ವಿಧಾನವನ್ನು ಇತರರಿಗೂ ತಿಳಿಸುವ ಪುಸ್ತಕವೊಂದನ್ನು ಬರೆದರು.

ಅಟಾರಿ 2600 ಮಾರುಕಟ್ಟೆಗೆ ಬಂದದ್ದು 1977ರಲ್ಲಿ. ಮುಂಭಾಗದಲ್ಲಿ ಮರದ ಬಣ್ಣದ ಪಟ್ಟಿಯಿದ್ದ ದೊಡ್ಡ ಪೆಟ್ಟಿಗೆಯದು. ತೆರೆದು ನೋಡಿದರೆ ಬಹುಪಾಲು ಖಾಲಿ! ಟಿ.ವಿ.ಗೆ ಅಡ್ಡಿಯಾಗುವ ರೇಡಿಯೋ ಅಲೆಗಳನ್ನು ತಡೆಯಲು ಒಂದು ಲೋಹದ ಕವಚ, ಅದರೊಳಗೆ ಒಂದು ಸರ್ಕ್ಯೂಟ್ ಬೋರ್ಡ್, ಬೋರ್ಡಿನ ಮೇಲೆ ಮೂರು ಮುಖ್ಯ ಐಸಿಗಳು. ಅದರ ನೆನಪಿನ ಶಕ್ತಿ ಕೇವಲ 128 ಬೈಟ್. ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಆ ಯಂತ್ರದ ಇಡೀ ನೆನಪಿನಲ್ಲಿ ಹಿಡಿಯುವುದು 42 ಚಿಹ್ನೆಗಳು ಮಾತ್ರ, ಒಂದು ವಾಕ್ಯವೂ ಪೂರ್ಣವಾಗದು. ಇಷ್ಟು ಬಡತನದಲ್ಲಿ ಚಿತ್ರವನ್ನು ಮೊದಲೇ ಬರೆದಿಟ್ಟುಕೊಳ್ಳಲು ಸ್ಥಳವೆಲ್ಲಿಂದ ಬರಬೇಕು? ಆದ್ದರಿಂದ ಅದು ಟಿ.ವಿ.ಯ ಗೆರೆ ಮೂಡುತ್ತಿರುವಾಗಲೇ ಆ ಗೆರೆಯ ಚಿತ್ರವನ್ನು ಬರೆಯುತ್ತ ಸಾಗುತ್ತದೆ. ಪರದೆಗೆ 262 ಗೆರೆಗಳು, ಸೆಕೆಂಡಿಗೆ ಸುಮಾರು 60 ಸಲ; ಒಂದೊಂದು ಗೆರೆಗೆ ಅದರ ಪ್ರೊಸೆಸರಿಗೆ ದೊರೆಯುವ ಕಾಲ 76 ಮಿಡಿತಗಳು. ಇದನ್ನು ಅರಿತವನು ಈ ಐಸಿಗಳ ನಡುವಿನ ಕಾಲಗತಿಯನ್ನು ಮುಟ್ಟುವುದಿಲ್ಲ. ಬೋರ್ಡಿನ ಆ ಭಾಗವನ್ನು ಹಾಗೆಯೇ ಉಳಿಸಿ, ಕತ್ತರಿಸಬೇಕಾದದ್ದನ್ನು ಬೇರೆ ಕಡೆ ಹುಡುಕುತ್ತಾನೆ.

ಅಂಥದೊಂದು ಮಾಡ್ಯುಲೇಟರ್. ಹಳೆಯ ಟಿ.ವಿ.ಗೆ ಆಂಟೆನಾದ ದಾರಿಯೊಂದೇ ಇದ್ದುದರಿಂದ, ಯಂತ್ರವು ತನ್ನ ಚಿತ್ರವನ್ನು ರೇಡಿಯೋ ಅಲೆಯಾಗಿಸಿ ಚಿಕ್ಕದೊಂದು ಪ್ರಸಾರಕೇಂದ್ರದಂತೆ ಕಳುಹಿಸುತ್ತಿತ್ತು. ಪರದೆಯೇ ಒಂದಂಗುಲ ದೂರದಲ್ಲಿರುವಾಗ ಇದು ಪಕ್ಕದ ಕೋಣೆಯವರಿಗೆ ಅಂಚೆಯಲ್ಲಿ ಪತ್ರ ಹಾಕಿದಂತೆ. ಮಾಡ್ಯುಲೇಟರನ್ನು ತೆಗೆದು, ಐಸಿಯಿಂದ ಬೇರೆ ಬೇರೆಯಾಗಿ ಹೊರಬರುವ ಬೆಳಕು, ಬಣ್ಣ ಹಾಗೂ ಕಾಲಸೂಚನೆಯ ಸಂಕೇತಗಳನ್ನು ಕೆಲವು ರೆಸಿಸ್ಟರ್ ಮತ್ತು ಒಂದು ಟ್ರಾನ್ಸಿಸ್ಟರ್ ಮೂಲಕ ಬೆರೆಸಿದರೆ ಚಿಕ್ಕ ಪರದೆಗೆ ನೇರವಾಗಿ ಕೊಡಬಹುದು.

ಗುಂಡಿಗಳ ಕೆಲಸ ಸುಲಭ. ಅಟಾರಿಯ ಜಾಯ್‌ಸ್ಟಿಕ್ಕಿನೊಳಗೆ ಇರುವುದು ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್, ಮೇಲೊಂದು ಗುಂಡಿ, ಅಷ್ಟೇ. ಆಟದ ಕ್ಯಾಸೆಟ್ ಕೂರುವ ಬಾಯಿಯನ್ನು ಸ್ಥಳಾಂತರಿಸುವುದು ಮಾತ್ರ ತಾಳ್ಮೆಯ ಪರೀಕ್ಷೆ. ಅದಕ್ಕೆ 24 ಕಾಲುಗಳು, ಒಂದೊಂದಕ್ಕೂ ಒಂದು ತಂತಿ, ತಂತಿಗೆ ಎರಡೆರಡು ಬೆಸುಗೆ. ಒಂದು ತಪ್ಪಿದರೂ ಪರದೆಯ ಮೇಲೆ ಅರ್ಥವಿಲ್ಲದ ಪಟ್ಟೆಗಳು ಮೂಡುತ್ತವೆ. ತಾಳೆಗರಿಯ ಕಟ್ಟನ್ನು ಬಿಚ್ಚುವವರು ಗರಿಗಳ ಕ್ರಮವನ್ನು ಮೊದಲು ಗುರುತಿಟ್ಟುಕೊಳ್ಳುವುದು ನಮ್ಮಂಥವರಿಗೆ ತಿಳಿದ ಪಾಠ. ಇಲ್ಲಿಯೂ ಬಿಚ್ಚುವ ಮೊದಲು ಯಾವ ತಂತಿ ಎಲ್ಲಿತ್ತೆಂದು ಬರೆದಿಡದವನ ಶ್ರಮ ವ್ಯರ್ಥವಾಗುತ್ತದೆ.

ನಿಜವಾದ ಕಷ್ಟ ಬ್ಯಾಟರಿಯದು. ಅಟಾರಿಗೆ ಅಡಾಪ್ಟರಿನಿಂದ 9 ವೋಲ್ಟ್ ಬರುತ್ತದೆ. ಒಳಗಿನ 7805 ಎಂಬ ರೆಗ್ಯುಲೇಟರ್ ಅದನ್ನು 5 ವೋಲ್ಟಿಗೆ ಇಳಿಸಿ, ಉಳಿದ 4 ವೋಲ್ಟಿನ ಪಾಲನ್ನು ಬರಿಯ ಶಾಖವಾಗಿ ಕಳೆಯುತ್ತದೆ. ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಬರುವಾಗ ಈ ದುಂದು ಯಾರ ಗಮನಕ್ಕೂ ಬಾರದು. ಸೆಲ್ಲುಗಳನ್ನು ಹಾಕಿದಾಗ ಲೆಕ್ಕ ತಿಳಿಯುತ್ತದೆ. ಮತ್ತೆ ಚಾರ್ಜ್ ಮಾಡಬಹುದಾದ 1.2 ವೋಲ್ಟಿನ ಆರು ಪೆನ್ಸಿಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಸಿಗುವುದು 7.2 ವೋಲ್ಟ್. ಆ ರೆಗ್ಯುಲೇಟರಿಗೆ ಸುಮಾರು 7 ವೋಲ್ಟಾದರೂ ಬೇಕು; ಸೆಲ್ಲು ಸ್ವಲ್ಪ ಬಳಲಿದೊಡನೆ ಆಟ ನಿಲ್ಲುತ್ತದೆ. ಬೋರ್ಡು, ಪರದೆ ಕೂಡಿ 1 ಆಂಪಿಯರ್ ಎಳೆದರೆ 2000 ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳು ಹೆಚ್ಚೆಂದರೆ ಎರಡು ಗಂಟೆ ಬಾಳುತ್ತವೆ. ಆದ್ದರಿಂದ ಬಲ್ಲವರು 7805ನ್ನು ಕಿತ್ತು, ಶಾಖವಾಗಿ ಕಳೆಯದ ಸ್ವಿಚಿಂಗ್ ರೆಗ್ಯುಲೇಟರನ್ನು ಕೂರಿಸುತ್ತಾರೆ.

ದೊಡ್ಡ ಸಂಸ್ಥೆಗಳಿಗೂ ಇದೇ ತೊಡಕು ಎದುರಾಗಿತ್ತು. 1989ರಲ್ಲಿ ಜಪಾನಿನ ನಿಂಟೆಂಡೋದ ಗುನ್ಪೇ ಯೋಕೋಯಿ ಅವರ ಗೇಮ್ ಬಾಯ್ ಬಂದಾಗ ಅದಕ್ಕೆ ಬಣ್ಣವಿರಲಿಲ್ಲ, ಪರದೆಯ ಹಿಂದೆ ದೀಪವೂ ಇರಲಿಲ್ಲ. ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಮರುವರ್ಷ ಬಂದ ಸೆಗಾ ಸಂಸ್ಥೆಯ ಗೇಮ್ ಗಿಯರಿಗೆ ಬಣ್ಣವೂ ದೀಪವೂ ಇದ್ದವು, ಆದರೆ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿತ್ತು. 1995ರಲ್ಲಿ ಅದೇ ಸಂಸ್ಥೆ ತನ್ನ ಮನೆಯ ಯಂತ್ರವನ್ನೇ ಕೈಗೆ ಬರುವಂತೆ ಕುಗ್ಗಿಸಿ ನೋಮಾಡ್ ಎಂಬ ಹೆಸರಿನಲ್ಲಿ ತಂದಾಗಲೂ ಸೆಲ್ಲಿನ ಹಸಿವು ಬಿಡಲಿಲ್ಲ. ಬಣ್ಣವಿಲ್ಲದ ಬಡ ಯಂತ್ರವೇ ಗೆದ್ದಿತು. ಮುಂದೆ ಬಂದ ಅದರ ಬಣ್ಣದ ರೂಪವನ್ನೂ ಸೇರಿಸಿ 11 ಕೋಟಿಗೂ ಮೀರಿ ಮಾರಾಟವಾಯಿತು.

ನಮ್ಮ ನಾಡಿನ ಮನೆಗಳಿಗೆ 1990ರ ದಶಕದಲ್ಲಿ ಬಂದ ಕ್ಯಾಸೆಟ್ಟಿನ ವಿಡಿಯೋ ಗೇಮುಗಳು ಬಹುಮಟ್ಟಿಗೆ 1983ರ ಜಪಾನಿನ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅವುಗಳಲ್ಲಿ ಅನೇಕದರೊಳಗೆ ಇಡೀ ಯಂತ್ರವೇ ಕಪ್ಪು ಮೇಣದ ಬೊಟ್ಟಿನಂತೆ ಕಾಣುವ ಒಂದೇ ಐಸಿಯಲ್ಲಿ ಅಡಗಿರುತ್ತದೆ. ಅಟ್ಟದ ಮೇಲೆ ಅಂಥದೊಂದು ಉಳಿದಿದ್ದರೆ ಹೊಸಬರ ಅಭ್ಯಾಸಕ್ಕೆ ಬಹಳ ಯೋಗ್ಯ. ಕಾರಿನ ಹಿಂಬದಿ ಕ್ಯಾಮೆರಾಕ್ಕೆಂದು ಮಾರುವ ಚಿಕ್ಕ ಪರದೆ ಇದಕ್ಕೆ ಒಪ್ಪುತ್ತದೆ. ಮಿಕ್ಕ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. 2012ರಿಂದ ದೊರೆಯುತ್ತಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ಮಾರ್ಗವೂ ಉಂಟು. ಅಲ್ಲಿ ಶ್ರಮ ಕಡಿಮೆ. ಹಳೆಯ ಯಂತ್ರದ ಒಳಗನ್ನು ಅರಿಯುವ ಅವಕಾಶವೂ ಕಡಿಮೆಯೆಂದು ನಮ್ಮ ಅಭಿಪ್ರಾಯ.

ಒಂದು ಆಕ್ಷೇಪಣೆಗೆ ನಾವು ತಲೆದೂಗುತ್ತೇವೆ. ಅಟಾರಿ 2600ರ ತಯಾರಿಕೆ 1992ರಲ್ಲಿ ನಿಂತಿತು. ಈಗ ಕತ್ತರಿಸಿದ ಒಂದೊಂದು ಬೋರ್ಡೂ ಲೋಕದಲ್ಲಿ ಉಳಿದಿರುವ ಸಂಖ್ಯೆಯಿಂದ ಕಳೆದುಹೋದಂತೆಯೇ. ಚೆನ್ನಾಗಿ ನಡೆಯುತ್ತಿರುವ ಹಳೆಯ ಯಂತ್ರವನ್ನು ಮೋಜಿಗಾಗಿ ಕತ್ತರಿಸುವುದು ನಮಗೆ ಸರಿಕಾಣದು. ಪೆಟ್ಟಿಗೆ ಒಡೆದು, ಬೋರ್ಡು ಮಾತ್ರ ಜೀವದಿಂದಿರುವ ಯಂತ್ರಕ್ಕೆ ಹೊಸ ಮೈ ಕೊಡುವುದಾದರೆ ಅಡ್ಡಿಯಿಲ್ಲ. ಹೆಕೆಂಡಾರ್ನ್ ಅವರು ಮುಂದೆ ಒಂದೇ ಕೈಯಿಂದ ಆಡಬೇಕಾದವರಿಗೆಂದು ನಿಯಂತ್ರಕವನ್ನು ರೂಪಿಸಿದರು. ಗುಂಡಿಗಳನ್ನು ಇರುವ ಸ್ಥಳದಿಂದ ಕಿತ್ತು ಬೇರೆಡೆ ಕೂರಿಸುವ ಅಭ್ಯಾಸ ಕೈ ಕಳೆದುಕೊಂಡವರ ನೆರವಿಗೆ ಬಂದದ್ದು ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮೆಚ್ಚಿಕೆಯಾದ ಭಾಗ.

ಇನ್ನು ತಂದೆತಾಯಿಗಳಿಗೆ. ಆಟದ ಯಂತ್ರದೊಳಗಿನ 5 ಅಥವಾ 9 ವೋಲ್ಟ್ ಹುಡುಗನಿಗೆ ಶಾಕ್ ಹೊಡೆಯುವಂಥದಲ್ಲ. ಆದರೆ ಅಡಾಪ್ಟರಿನೊಳಗೆ 230 ವೋಲ್ಟ್ ಇರುತ್ತದೆ, ಅದನ್ನು ಬಿಚ್ಚಬಾರದು. ಪಿಕ್ಚರ್ ಟ್ಯೂಬಿನ ಹಳೆಯ ಟಿ.ವಿ.ಯನ್ನಂತೂ ಪ್ಲಗ್ ಕಿತ್ತ ಮೇಲೂ ತೆರೆಯಗೊಡಬೇಡಿ, ಸಾವಿರಾರು ವೋಲ್ಟ್ ಒಳಗೆ ಉಳಿದಿರಬಹುದು. ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿಯಿಂದ ಕಿತ್ತ ಲಿಥಿಯಂ ಸೆಲ್ಲುಗಳು ಹುಡುಗರಿಗೆ ಆಕರ್ಷಕ, ಬಲು ಅಪಾಯಕರವೂ ಹೌದು. 4.2 ವೋಲ್ಟ್ ಮೀರಿ ಚಾರ್ಜಾದರೆ, ಚುಚ್ಚಿದರೆ, ಎರಡು ತುದಿಗಳು ತಾಗಿದರೆ, ನೇರವಾಗಿ ಬೆಸುಗೆಯ ಕಾವು ತಗುಲಿದರೆ ಬೆಂಕಿ ಹತ್ತಬಹುದು. ಆರಂಭದಲ್ಲಿ ಪೆನ್ಸಿಲ್ ಸೆಲ್ಲುಗಳೇ ಸಾಕು.

ಕತ್ತರಿಸಲು ಕುಳಿತ ಮಗನನ್ನು ಗದರುವ ಮೊದಲು, "ಇದು ಏನು ಕೆಲಸ ಮಾಡುತ್ತದಪ್ಪಾ?" ಎಂದು ಬೋರ್ಡಿನ ಒಂದು ಭಾಗವನ್ನು ತೋರಿಸಿ ಕೇಳಿರಿ. ಉತ್ತರ ಬಂದರೆ ಮುಂದುವರಿಯಲಿ. ಬಾರದಿದ್ದರೆ ಇಕ್ಕುಳವನ್ನು ಕೆಳಗಿಟ್ಟು ಮೊದಲು ತಿಳಿದುಬರಲಿ. ಯಂತ್ರ ಮೊದಲು ಮೇಜಿನ ಮೇಲೆ, ಎಲ್ಲ ತಂತಿಗಳೂ ಕಾಣುವಂತೆ, ಸೆಲ್ಲಿನ ಬಲದಿಂದ ಒಂದು ಗಂಟೆ ನಿಲ್ಲದೆ ನಡೆಯಲಿ. ಪೆಟ್ಟಿಗೆಗೆ ಅಳತೆ ತೆಗೆಯುವುದು ಆಮೇಲೆ.