ನಿಮ್ಮ ವಾರ್ಡಿನ ಸದಸ್ಯರು ಯಾರು?

ಕಳೆದ ತಿಂಗಳು ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ಸರ್ ಪಾಠ ಶುರು ಮಾಡುವ ಮೊದಲು ಮೂರು ಪ್ರಶ್ನೆ ಕೇಳಿದರು. ನಿಮ್ಮ ಶಾಸಕರು ಯಾರು? ಎಲ್ಲರೂ ಕೈ ಎತ್ತಿದೆವು. ಸಂಸದರು ಯಾರು? ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿದ್ದವು. ನಿಮ್ಮ ವಾರ್ಡಿನ ಸದಸ್ಯರು ಯಾರು? ಮೂರೇ ಕೈ. ಅದರಲ್ಲಿ ಒಬ್ಬಳು ಆ ಸದಸ್ಯರ ತಂಗಿಯ ಮಗಳು!

ನಾವು ನಕ್ಕೆವು, ಸರ್ ನಗಲಿಲ್ಲ. ಬೋರ್ಡಿನ ಮೇಲೆ 'ಬೆಳಗಾವಿ ಬರೋ ಮುನಿಸಿಪಾಲಿಟಿ' ಎಂದು ಬರೆದು, ಇದರ ಬಗ್ಗೆ ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದರು. ನಾನು ದಾದಾ ಅವರನ್ನು ಕೇಳಿದೆ. "ಬರೋ ಗಿರೋ ನಮಗೆ ಗೊತ್ತಿಲ್ಲ ಬೇಟಾ, ಅದು ಮುನ್ಸಿಪಾಲ್ಟಿ. ಘರಪಟ್ಟಿ ತುಂಬೋ ಜಾಗ" ಎಂದರು. ಸ್ವಲ್ಪ ಹೊತ್ತಿನ ನಂತರ ಅವರೇ, "ಅಲ್ಲಿ ಯಾವಾಗಲೂ ಜಗಳ" ಎಂದು ಸೇರಿಸಿದರು.

ಘರಪಟ್ಟಿ ಮತ್ತು ಜಗಳ. ನಮ್ಮ ಬೆಳಗಾವಿಯ ನಗರಾಡಳಿತದ ಇತಿಹಾಸ ಓದುತ್ತ ಹೋದಂತೆ ದಾದಾ ಹೇಳಿದ್ದು ಸರಿ ಅನ್ನಿಸಿತು. ಆದರೆ ಜಗಳದ ಕಥೆ ಎಲ್ಲರಿಗೂ ಗೊತ್ತು, ಘರಪಟ್ಟಿಯ ಕಥೆ ಯಾರಿಗೂ ಗೊತ್ತಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಬೆಳಗಾವಿಯಲ್ಲಿ ಮುನಿಸಿಪಾಲಿಟಿ ಆರಂಭವಾದದ್ದು 1851ರಲ್ಲಿ. ಆಗ ಚುನಾವಣೆ ಇರಲಿಲ್ಲ, ಸರ್ಕಾರವೇ ಸದಸ್ಯರನ್ನು ನೇಮಿಸುತ್ತಿತ್ತು. ಮುಂಬೈ ಪ್ರಾಂತದಲ್ಲಿ 1925ರ ಮುನಿಸಿಪಲ್ ಬರೋ ಕಾಯ್ದೆ ಬಂದ ಮೇಲೆ ದೊಡ್ಡ ಊರುಗಳ ಮುನಿಸಿಪಾಲಿಟಿಗಳು ಬರೋಗಳಾದವು. ಬೆಳಗಾವಿ, ಹುಬ್ಬಳ್ಳಿ, ಗದಗ-ಬೆಟಗೇರಿ ಎಲ್ಲ ಹಾಗೆ ಆದವೇ. ಬರೋ ಎಂದರೆ ಸಾಮಾನ್ಯ ಪುರಸಭೆಗಿಂತ ಒಂದು ಮೆಟ್ಟಿಲು ಮೇಲೆ ಎಂದು ತಿಳಿದರೆ ಸಾಕು. ಮತ ಹಾಕುವ ಹಕ್ಕು ಎಲ್ಲರಿಗೂ ಇರಲಿಲ್ಲ. ಆಸ್ತಿ, ತೆರಿಗೆ, ಓದು ಇಂಥ ಅರ್ಹತೆ ಇದ್ದವರಿಗೆ ಮಾತ್ರ. ಅಂದರೆ ಅಂದು ಘರಪಟ್ಟಿ ಬರೀ ತೆರಿಗೆಯಾಗಿರಲಿಲ್ಲ, ಮತಗಟ್ಟೆಯ ಬಾಗಿಲೂ ಆಗಿತ್ತು. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು. ಮುಸ್ಲಿಂ ಮತದಾರರು ಮುಸ್ಲಿಂ ಸದಸ್ಯರನ್ನೇ ಆರಿಸುತ್ತಿದ್ದರು. ಸ್ವಾತಂತ್ರ್ಯದ ನಂತರ ಆ ಪದ್ಧತಿ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು ಎಂದು ನಾನು ನಂಬುತ್ತೇನೆ. ಪಕ್ಕದ ಮನೆಯವರೂ ನಾವೂ ಬಳಸುವ ಗಟಾರ ಒಂದೇ ಆಗಿರುವಾಗ ಸದಸ್ಯರು ಬೇರೆ ಬೇರೆ ಯಾಕೆ?

1948ರಲ್ಲಿ, ಮರಾಠಿ ಭಾಷಿಕ ಮುಖಂಡರ ಬಹುಮತವಿದ್ದ ಈ ಮುನಿಸಿಪಾಲಿಟಿ, ಬೆಳಗಾವಿಯನ್ನು ಮುಂದೆ ಆಗಲಿರುವ ಸಂಯುಕ್ತ ಮಹಾರಾಷ್ಟ್ರಕ್ಕೆ ಸೇರಿಸಬೇಕು ಎಂದು ಕೇಳಿಕೊಂಡಿತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1967ರಲ್ಲಿ ಮಹಾಜನ ಆಯೋಗ ಬೆಳಗಾವಿ ನಗರ ಇಲ್ಲೇ ಇರಲಿ ಎಂದಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟನ್ನು ನಾವು ಪ್ರತಿವರ್ಷ ರಾಜ್ಯೋತ್ಸವದ ಭಾಷಣದಲ್ಲಿ ಕೇಳುತ್ತೇವೆ, ಅದಕ್ಕೇ ಇಲ್ಲಿ ಬೆಳೆಸುವುದಿಲ್ಲ.

ಈ ನಡುವೆ ಬರೋ ಕಾಯ್ದೆ ಹೋಗಿ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಬಂತು. 1976ರಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯಾಯಿತು. ಹೆಸರು ದೊಡ್ಡದಾಯಿತು, ಆದರೆ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 1984ರಲ್ಲಿ.

2005ರಲ್ಲಿ ಪಾಲಿಕೆ ಮತ್ತೆ ಮಹಾರಾಷ್ಟ್ರಕ್ಕೆ ಸೇರಿಸುವ ಠರಾವು ಪಾಸು ಮಾಡಿತು. ಆಗಿನ ಮೇಯರ್ ವಿಜಯ ಮೋರೆ ಅವರ ಮುಖಕ್ಕೆ ಬೆಂಗಳೂರಿನಲ್ಲಿ ಮಸಿ ಬಳಿದರು. ಸರ್ಕಾರ ಪಾಲಿಕೆಯನ್ನು ಸೂಪರ್‌ಸೀಡ್ ಮಾಡಿತು. 2011ರಲ್ಲಿ ಮೇಯರ್ ಮತ್ತು ಉಪಮೇಯರ್ ನವೆಂಬರ್ 1ರ ಕರಾಳ ದಿನದಲ್ಲಿ ಭಾಗವಹಿಸಿದರು. ಮತ್ತೆ ಸೂಪರ್‌ಸೀಡ್. ಮುಂದಿನ ಚುನಾವಣೆ ಆದದ್ದು 2013ರ ಮಾರ್ಚ್‌ನಲ್ಲಿ.

ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆ ಠರಾವು ತಪ್ಪು. ನಳಕ್ಕೆ ನೀರು ಬಿಡಲು ಆರಿಸಿ ಕಳಿಸಿದ ಸಭೆಗೆ ರಾಜ್ಯದ ಗಡಿ ಬದಲಿಸುವ ಅಧಿಕಾರ ಇಲ್ಲವೇ ಇಲ್ಲ. ಮುಖಕ್ಕೆ ಮಸಿ ಬಳಿದದ್ದೂ ತಪ್ಪು, ಅದು ಕನ್ನಡದ ಮರ್ಯಾದೆ ಹೆಚ್ಚಿಸಲಿಲ್ಲ. ಆದರೆ ಪಾಲಿಕೆಯನ್ನೇ ವಿಸರ್ಜಿಸಿದಾಗ ಶಿಕ್ಷೆ ಯಾರಿಗಾಯಿತು? ತಪ್ಪು ಠರಾವನ್ನು ರದ್ದು ಮಾಡುವ ಅಧಿಕಾರ ಸರ್ಕಾರಕ್ಕೆ ಇದೆ. ಅಷ್ಟು ಮಾಡಿದ್ದರೆ ಠರಾವು ಮಾತ್ರ ಸಾಯುತ್ತಿತ್ತು. ವಿಸರ್ಜನೆಯಾದ ಮೇಲೆ ಠರಾವಿಗೆ ಕೈ ಎತ್ತಿದ ಸದಸ್ಯನೂ ಹೋದ, ಎತ್ತದವನೂ ಹೋದ. ನಮ್ಮ ಬೀದಿ ದೀಪ ಹೋಗಿದೆ ಎಂದು ಹೇಳಲು ಓಣಿಯವರಿಗೆ ಉಳಿದದ್ದು ಒಬ್ಬ ಆಡಳಿತಾಧಿಕಾರಿ. ಅವರ ಕಚೇರಿ ಬಾಗಿಲಲ್ಲಿ ನಿಲ್ಲುವ ಧೈರ್ಯ ನಮ್ಮ ಅಮ್ಮಂದಿರಿಗೆ ಇರುತ್ತದೆಯೇ?

ಎಲ್ಲವೂ ಭಾಷಾ ಜಗಳದಿಂದಲೇ ಆದದ್ದು ಎನ್ನುವವರಿಗೆ ಇನ್ನೊಂದು ಲೆಕ್ಕ ತೋರಿಸುತ್ತೇನೆ. ಪಾಲಿಕೆಯ ಅವಧಿ ಮುಗಿದದ್ದು 2019ರ ಮಾರ್ಚ್‌ನಲ್ಲಿ. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಮೊದಲ ಬಾರಿ ಪಕ್ಷದ ಚಿಹ್ನೆ ಮೇಲೆ ನಡೆದ ಆ ಚುನಾವಣೆಯಲ್ಲಿ 58ರಲ್ಲಿ 35 ಸ್ಥಾನ ಒಂದೇ ಪಕ್ಷಕ್ಕೆ ಬಂದವು, ರಾಜ್ಯದಲ್ಲಿಯೂ ಆಗ ಅದೇ ಪಕ್ಷದ ಸರ್ಕಾರ. ಆದರೂ ಮೇಯರ್ ಆಯ್ಕೆಯಾದದ್ದು 2023ರ ಫೆಬ್ರುವರಿ 6ರಂದು! ಗೆದ್ದವರು ಹದಿನೇಳು ತಿಂಗಳು ಕಾದರು. ಅವಧಿ ಮುಗಿದಾಗ ನಾವು ಐದನೇ ತರಗತಿ ಮುಗಿಸುತ್ತಿದ್ದೆವು, ಮೇಯರ್ ಕುರ್ಚಿಯಲ್ಲಿ ಯಾರೋ ಕುಳಿತಾಗ ಒಂಬತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ಸಂವಿಧಾನದ 243ಯು ವಿಧಿ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ; ವಿಸರ್ಜಿಸಿದರೆ ಆರು ತಿಂಗಳೊಳಗೆ ಎನ್ನುತ್ತದೆ. ಇದು ನಮ್ಮ ಪಠ್ಯದಲ್ಲೂ ಇದೆ, ಐದು ಅಂಕಕ್ಕೆ ಬರೆಯುತ್ತೇವೆ. ಕ್ಯಾಂಪ್ ಪ್ರದೇಶದವರ ಕಥೆಯೂ ಬೇರೆಯಲ್ಲ. ಅಲ್ಲಿ ಕಂಟೋನ್ಮೆಂಟ್ ಬೋರ್ಡ್. 2023ರ ಏಪ್ರಿಲ್ 30ಕ್ಕೆ ಘೋಷಿಸಿದ್ದ ಚುನಾವಣೆಯನ್ನು ದೇಶದ ಎಲ್ಲ ಕಂಟೋನ್ಮೆಂಟ್‌ಗಳಲ್ಲೂ ರದ್ದು ಮಾಡಿದರು.

ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು. ಬೆಳಗಾವಿ ಪಾಲಿಕೆಯ ಸುದ್ದಿಗಳಲ್ಲಿ ಮರಾಠಿ ನಗರಸೇವಕರು ಇಷ್ಟು, ಕನ್ನಡ ಇಷ್ಟು, ಉರ್ದು ಇಷ್ಟು ಎಂದು ಎಣಿಸುವ ರೂಢಿ ಬಹಳ ವರ್ಷ ಇತ್ತು. ಮೇಯರ್ ಚುನಾವಣೆ ಬಂದಾಗ 'ಉರ್ದು ಭಾಷಿಕರು ಯಾರ ಕಡೆ' ಎಂಬುದೇ ದೊಡ್ಡ ಪ್ರಶ್ನೆ. ನಾನು ಮನೆಯಲ್ಲಿ ಉರ್ದು ಮಾತಾಡುತ್ತೇನೆ, ಬಾಜಾರದಲ್ಲಿ ಮರಾಠಿ, ಈ ಲೇಖನ ಬರೆಯುತ್ತಿರುವುದು ಕನ್ನಡದಲ್ಲಿ. ನನ್ನನ್ನು ಯಾವ ರಾಶಿಗೆ ಹಾಕುತ್ತೀರಿ? ಎರಡೂ ಕಡೆಯವರಿಗೆ ನಮ್ಮ ಕೈ ಬೇಕಿತ್ತು. ಆ ಕೈಗೆ ಬದಲಾಗಿ ನಮ್ಮ ಓಣಿಗಳಿಗೆ ಎಷ್ಟು ಶಾಲಾ ಕೋಣೆ, ಎಷ್ಟು ಗಟಾರ ಬಂದವು ಎಂದು ನಮ್ಮ ಹಿರಿಯರೂ ಗಟ್ಟಿಯಾಗಿ ಕೇಳಲಿಲ್ಲ ಎಂಬ ಬೇಸರ ನನಗಿದೆ.

ಇದೆಲ್ಲ ನಗರದ ಕಥೆ, ಪೀರನವಾಡಿಗೆ ಏನು ಸಂಬಂಧ ಎನ್ನಬಹುದು. ಗ್ರಾಮ ಪಂಚಾಯಿತಿಯಾಗಿದ್ದ ನಮ್ಮ ಊರು ಈಗ ಪಟ್ಟಣ ಪಂಚಾಯಿತಿ. ಬೆಳಗಾವಿ 1851ರಲ್ಲಿ ಹತ್ತಿದ ಏಣಿಯನ್ನು ನಾವು ಈಗ ಹತ್ತುತ್ತಿದ್ದೇವೆ. ಜಗಳವಂತೂ ಮೊದಲೇ ಬಂದಿದೆ. 2020ರ ಆಗಸ್ಟ್‌ನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ವಿಷಯಕ್ಕೆ ನಮ್ಮ ವೃತ್ತ ಕೆಲವು ದಿನ ಎಲ್ಲ ಟಿವಿಗಳಲ್ಲಿ ಇತ್ತು. ಕೊನೆಗೆ ರಾಯಣ್ಣನ ಪ್ರತಿಮೆ ಇರಲಿ, ವೃತ್ತಕ್ಕೆ ಶಿವಾಜಿ ಮಹಾರಾಜರ ಹೆಸರಿರಲಿ ಎಂದು ಹಿರಿಯ ಪೊಲೀಸ್ ಅಧಿಕಾರಿಗಳ ಎದುರು ಎರಡೂ ಕಡೆಯವರು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಸಂತೋಷ. ಆದರೆ ಒಂದು ವೃತ್ತದ ಹೆಸರು ಊರಿನ ಸಭೆಯಲ್ಲಿ ಚರ್ಚೆಯಾಗಿ ತೀರ್ಮಾನವಾಗಬೇಕಾದ ವಿಷಯ. ಪೊಲೀಸರ ತನಕ ಯಾಕೆ ಹೋಗಬೇಕಿತ್ತು?

ಮುಂದಿನ ವರ್ಷದ ಹೊತ್ತಿಗೆ ನಮ್ಮ ಕ್ಲಾಸಿನ ಎಲ್ಲರಿಗೂ ಹದಿನೆಂಟು ತುಂಬಿರುತ್ತದೆ. ಘರಪಟ್ಟಿ ತುಂಬಿದ ರಸೀದಿ ಯಾರೂ ಕೇಳುವುದಿಲ್ಲ, ಮತ ಸಿಗುತ್ತದೆ. ಅದಕ್ಕೆ ಮೊದಲು ಒಮ್ಮೆ ಸ್ಥಳೀಯ ಸಂಸ್ಥೆಯ ಸಾಮಾನ್ಯ ಸಭೆ ಹೇಗೆ ನಡೆಯುತ್ತದೆ ಎಂದು ಕುಳಿತು ನೋಡೋಣ ಎಂದು ನಾವು ಆರು ಜನ ನಿರ್ಧರಿಸಿದ್ದೇವೆ. ಸರ್ ಅನುಮತಿಗೆ ಪತ್ರ ಬರೆದುಕೊಡುತ್ತೇನೆ ಎಂದಿದ್ದಾರೆ. ಬರುವವರು ಗುರುವಾರದೊಳಗೆ ಕ್ಲಾಸ್ ಪ್ರತಿನಿಧಿಯ ಹತ್ತಿರ ಹೆಸರು ಕೊಡಿ, ಜೊತೆಗೆ ನಿಮ್ಮ ವಾರ್ಡಿನ ನಂಬರ್ ಮತ್ತು ಸದಸ್ಯರ ಹೆಸರನ್ನೂ ಬರೆಯಿರಿ.