ಅಳತೆ ಅಂಕಣಕ್ಕೆ ಸಾಕು

ಬನ್ನೂರು ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕುರಿ. ಆಮೇಲೆ ಕಾವೇರಿ ನಾಲೆ, ಭತ್ತದ ಗದ್ದೆ, ಸೋಮನಾಥಪುರಕ್ಕೆ ಹೋಗುವ ದಾರಿ. ಟೆನಿಸ್ ಯಾರಿಗೂ ನೆನಪಾಗುವುದಿಲ್ಲ. ಆದರೂ ತಿರುಮಕೂಡಲು ನರಸೀಪುರ ತಾಲ್ಲೂಕಿನ ಈ ಊರಿನ ಒಂದು ಬೀದಿಯಲ್ಲಿ ನಾವು ಕೆಲವರು ವರ್ಷಕ್ಕೆ ನಾಲ್ಕು ಸಲ ನಿದ್ದೆಗೆಟ್ಟು ಟೆನಿಸ್ ನೋಡಿಕೊಂಡು ಬಂದಿದ್ದೇವೆ. ಜನವರಿಯಲ್ಲಿ ಮೆಲ್ಬರ್ನ್, ಮೇ ತಿಂಗಳ ಕೊನೆಗೆ ಪ್ಯಾರಿಸ್, ಜೂನ್ ಕೊನೆಗೆ ವಿಂಬಲ್ಡನ್, ಆಗಸ್ಟ್ ಕೊನೆಗೆ ನ್ಯೂಯಾರ್ಕ್. ಗದ್ದೆಗೆ ನೀರು ಬಿಡುವ ದಿನ ಮರೆತರೂ ಈ ದಿನಗಳನ್ನು ಮರೆತವರಲ್ಲ.

2015ರ ಜುಲೈ 11ರ ರಾತ್ರಿ ನಮಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ರಮಝಾನ್ ತಿಂಗಳು. ತರಾವೀಹ್ ಮುಗಿಸಿ ಬಂದು ಟಿವಿ ಮುಂದೆ ಕೂತವರಿಗೆ ನಡುರಾತ್ರಿ ದಾಟಿದ್ದು ಗೊತ್ತಾಗಲಿಲ್ಲ. ವಿಂಬಲ್ಡನ್ ಮಹಿಳೆಯರ ಡಬಲ್ಸ್ ಫೈನಲ್. ಸಾನಿಯಾ ಮಿರ್ಜಾ ಮತ್ತು ಮಾರ್ಟಿನಾ ಹಿಂಗಿಸ್ ಒಂದು ಕಡೆ, ರಷ್ಯಾದ ಮಕರೋವಾ ಮತ್ತು ವೆಸ್ನಿನಾ ಇನ್ನೊಂದು ಕಡೆ. ಮೊದಲ ಸೆಟ್ 5-7ರಿಂದ ಹೋಯಿತು. ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಹೇಗೋ ಉಳಿಸಿಕೊಂಡರು. ಮೂರನೆಯದರಲ್ಲಿ 2-5ರಿಂದ ಹಿಂದೆ ಬಿದ್ದಾಗ ನಮ್ಮಲ್ಲೊಬ್ಬ ಎದ್ದು ಮಲಗಲು ಹೊರಟೇ ಬಿಟ್ಟ. ಅಲ್ಲಿಂದ ಐದು ಗೇಮ್ ಒಂದಾದ ಮೇಲೊಂದು ಗೆದ್ದು 7-5ರಿಂದ ಪಂದ್ಯ ಮುಗಿಸಿದರು. ಟೆನಿಸ್ ಎಂದರೇನೆಂದು ತಿಳಿಯದ ನಮ್ಮ ನಾನಿ ಕೂಡ ಮೂಲೆಯಲ್ಲಿ ತಸ್ಬೀಹ್ ಹಿಡಿದು ಕೂತಿದ್ದರು. "ಆ ಹುಡುಗಿ ಎಷ್ಟು ಓಡುತ್ತಾಳೆ! ಯಾರಾದರೂ ಅವಳಿಗೆ ನೀರು ಕೊಡ್ರೋ" ಎಂದರು. ಭಾರತದ ಒಬ್ಬ ಮಹಿಳೆ ಗ್ರ್ಯಾಂಡ್ ಸ್ಲಾಮ್‌ನ ಮಹಿಳೆಯರ ಡಬಲ್ಸ್ ಪ್ರಶಸ್ತಿ ಗೆದ್ದಿದ್ದು ಅದೇ ಮೊದಲು. ಸಹರಿಯ ಹೊತ್ತಿನವರೆಗೂ ನಮ್ಮ ಮನೆಯಲ್ಲಿ ಅದೇ ಮಾತು.

ಮರುದಿನ ಮಧ್ಯಾಹ್ನ ನಮಾಝ್ ಮುಗಿಸಿ ಮಸೀದಿಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಹಿರಿಯರೊಬ್ಬರು ಕೇಳಿದರು: "ರಮಝಾನಿನಲ್ಲಿ ಅಂಥ ಉಡುಪಿನ ಆಟ ನೋಡುತ್ತ ಕೂತಿದ್ದಿರಂತೆ?" ಸಂಜೆ ಬಸ್ ನಿಲ್ದಾಣದಲ್ಲಿ ಪರಿಚಯದ ಗೆಳೆಯರೊಬ್ಬರು ನಗುತ್ತಲೇ ಕೇಳಿದರು: "ಗೆದ್ದಳಂತೆ ನಿಮ್ಮವಳು. ಈಗ ಅವಳು ಇಂಡಿಯಾನೋ, ಪಾಕಿಸ್ತಾನಾನೋ?" ಇಬ್ಬರೂ ಕೆಟ್ಟವರಲ್ಲ. ಒಬ್ಬರು ನಮ್ಮ ಮನೆಯ ನಿಕಾಹ್‌ಗಳಿಗೆ ಸಾಕ್ಷಿ ನಿಂತವರು, ಇನ್ನೊಬ್ಬರು ಹಬ್ಬದ ದಿನ ತಪ್ಪದೆ ಮನೆಗೆ ಬರುವವರು. ಆದರೆ ಇಬ್ಬರೂ ಒಂದು ಪಂದ್ಯವನ್ನಾದರೂ ನೋಡಿರಲಿಲ್ಲ. 2-5ರಿಂದ 7-5 ಆದದ್ದು ಹೇಗೆಂದು ಅವರಿಬ್ಬರೂ ಕೇಳಲಿಲ್ಲ. ಒಬ್ಬರ ಕೈಯಲ್ಲಿ ಬಟ್ಟೆ ಅಳೆಯುವ ಟೇಪು, ಇನ್ನೊಬ್ಬರ ಕೈಯಲ್ಲಿ ದೇಶಭಕ್ತಿ ಅಳೆಯುವ ಟೇಪು. ಈ ಎರಡು ಟೇಪುಗಳೂ ಒಂದೇ ಅಂಗಡಿಯಿಂದ ಬಂದವು ಎಂಬುದೇ ನಮ್ಮ ತಕರಾರು.

ಟೆನಿಸ್‌ನಲ್ಲಿ ಅಳತೆ ಇಲ್ಲವೆಂದಲ್ಲ. ಅಂಕಣ 78 ಅಡಿ ಉದ್ದ. ಒಬ್ಬೊಬ್ಬರ ಆಟಕ್ಕೆ 27 ಅಡಿ ಅಗಲ, ಜೋಡಿಯಾಟಕ್ಕೆ 36 ಅಡಿ. ಬಲೆಯ ಎತ್ತರ ನಡುವೆ ಮೂರಡಿ, ಎರಡೂ ತುದಿಗೆ ಮೂರೂವರೆ ಅಡಿ. ಈ ಅಳತೆ ಮೆಲ್ಬರ್ನ್‌ನಲ್ಲೂ ಒಂದೇ, ಮೈಸೂರಿನಲ್ಲೂ ಒಂದೇ. ಚೆಂಡು ಗೆರೆಯೊಳಗೆ ಬಿದ್ದರೆ ಒಳಗೆ, ಹೊರಗೆ ಬಿದ್ದರೆ ಹೊರಗೆ. ಹೊಡೆದವರ ಅಪ್ಪನ ಹೆಸರು, ಗಂಡನ ಊರು ಕೇಳಿ ಯಾರೂ ತೀರ್ಪು ಕೊಡುವುದಿಲ್ಲ. ನಮ್ಮಂಥವರಿಗೆ ಈ ಆಟ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ. ಆಫೀಸು, ಬ್ಯಾಂಕು, ಬಾಡಿಗೆ ಮನೆ, ಎಲ್ಲೆಲ್ಲೂ ಹೆಸರು ಹೇಳಿದ ಮೇಲೆ ಎದುರಿನವರ ಮುಖ ಓದಬೇಕಾದವರಿಗೆ ಗೆರೆಯೇ ತೀರ್ಪು ಹೇಳುವ ಆಟ ಎಷ್ಟು ನೆಮ್ಮದಿ ಕೊಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಟೇಪು ಹಿಡಿದವರು ಅಂಕಣದೊಳಕ್ಕೂ ನುಗ್ಗಿದರು. ಇತಿಹಾಸವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 2005ರ ಜನವರಿಯಲ್ಲಿ ಹದಿನೆಂಟರ ಸಾನಿಯಾ ಆಸ್ಟ್ರೇಲಿಯನ್ ಓಪನ್‌ನ ಮೂರನೆಯ ಸುತ್ತಿಗೆ ಬಂದು ಸೆರೆನಾ ವಿಲಿಯಮ್ಸ್ ಎದುರು ಸೋತರು. ಮರು ತಿಂಗಳೇ ತವರೂರು ಹೈದರಾಬಾದಿನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಓಪನ್‌ನ ನಾಲ್ಕನೆಯ ಸುತ್ತು ತಲುಪಿದರು. ಅದೇ ತಿಂಗಳು ಆಕೆಯ ಉಡುಪಿನ ವಿರುದ್ಧ ಧರ್ಮಗುರುವೊಬ್ಬರು ಫತ್ವಾ ಹೊರಡಿಸಿದರೆಂಬ ಸುದ್ದಿ ಬಂತು. ಕೊಲ್ಕತ್ತಾದ ಟೂರ್ನಿಯಲ್ಲಿ ಪೊಲೀಸರ ಬಂದೋಬಸ್ತಿನ ನಡುವೆ ಆಡಬೇಕಾಯಿತು. ಟಿವಿ ವಾಹಿನಿಗಳಿಗೆ ಹಬ್ಬ. ಆಕೆಯ ಫೋರ್‌ಹ್ಯಾಂಡ್ ಬಗ್ಗೆ ಒಂದು ನಿಮಿಷ ಮಾತಾಡದವರು ಲಂಗದ ಬಗ್ಗೆ ಗಂಟೆಗಟ್ಟಲೆ ಚರ್ಚೆ ಏರ್ಪಡಿಸಿದರು. ಮುಸ್ಲಿಮರೆಂದರೆ ಫತ್ವಾ ಎಂದು ತೋರಿಸಲು ಅವರಿಗೊಂದು ನೆಪ ಬೇಕಿತ್ತು. ಆ ನೆಪವನ್ನು ಕೈಯಾರೆ ಒದಗಿಸಿದ್ದು ನಮ್ಮವರೇ ಎಂಬುದನ್ನೂ ನಾವು ಮರೆಯಬಾರದು.

2007ರ ಕೊನೆಗೆ ಹೈದರಾಬಾದಿನ ಮಕ್ಕಾ ಮಸೀದಿಯ ಆವರಣದಲ್ಲಿ ಜಾಹೀರಾತಿನ ಚಿತ್ರೀಕರಣದ ತಕರಾರು ಎದ್ದಿತು. ಆಕೆ ಕ್ಷಮೆ ಕೇಳಿದರು. 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಕಾಲು ಚಾಚಿ ಕೂತಿದ್ದಾಗ ಮುಂದೆ ರಾಷ್ಟ್ರಧ್ವಜವಿತ್ತೆಂದು ಫೋಟೋ ತೋರಿಸಿ ಈ ದೇಶದಲ್ಲಿ ದೂರು ದಾಖಲಿಸಿದರು. ಒಂದೇ ಚಳಿಗಾಲದಲ್ಲಿ ಮಸೀದಿಗೆ ಅಪಚಾರ ಮಾಡಿದವಳು, ಧ್ವಜಕ್ಕೆ ಅಪಚಾರ ಮಾಡಿದವಳು ಎಂಬ ಎರಡೂ ಆರೋಪ. ಎರಡು ಗುಂಪಿನವರೂ ಒಬ್ಬರಿಗೊಬ್ಬರು ಕಡು ವಿರೋಧಿಗಳು. ಆದರೆ ಇಪ್ಪತ್ತೊಂದು ವರ್ಷದ ಹುಡುಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ವಿಷಯದಲ್ಲಿ ಮಾತ್ರ ಎಂಥ ಒಮ್ಮತ!

ಇದರ ಫಲ ಉಂಡವರು ಕರ್ನಾಟಕದ ನಾವು. ಭಾರತದಲ್ಲಿ ಆಡಿದಾಗಲೆಲ್ಲ ಒಂದಲ್ಲ ಒಂದು ವಿವಾದವಾಗುತ್ತಿದೆ, ಆದ್ದರಿಂದ ಆಡುವುದಿಲ್ಲ ಎಂದು ಹೇಳಿ ಸಾನಿಯಾ 2008ರ ಮಾರ್ಚ್‌ನ ಬೆಂಗಳೂರು ಓಪನ್‌ನಿಂದ ದೂರ ಉಳಿದರು. 2006ರಲ್ಲಿ ಲೀಝೆಲ್ ಹ್ಯೂಬರ್ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಗೆದ್ದಿದ್ದ ಅದೇ ಟೂರ್ನಿ. ಕಬ್ಬನ್ ಪಾರ್ಕಿನ ಅಂಕಣಕ್ಕೆ ಆ ವರ್ಷ ವೀನಸ್, ಸೆರೆನಾ ಇಬ್ಬರೂ ಬಂದರು. ಅಮೆರಿಕದಿಂದ ಬರಲು ಅವರಿಗೆ ದಾರಿ ಇತ್ತು, ಹೈದರಾಬಾದಿನಿಂದ ಬರಲು ಈಕೆಗೆ ದಾರಿ ಇರಲಿಲ್ಲ. ಬನ್ನೂರಿನಿಂದ ಬಸ್ಸು ಹಿಡಿದು ಹೋಗಿ ಒಂದು ಪಂದ್ಯವನ್ನಾದರೂ ಕಣ್ಣಾರೆ ನೋಡಬೇಕೆಂದು ದುಡ್ಡು ಕೂಡಿಸಿಟ್ಟಿದ್ದ ನಾವು ಆ ದುಡ್ಡನ್ನು ಬೇರೆ ಖರ್ಚಿಗೆ ಬಳಸಿದೆವು.

ಉಡುಪಿನ ಟೇಪು ನಮ್ಮವರ ಕೈಯಲ್ಲಿ ಮಾತ್ರ ಇದೆಯೇ? 2018ರಲ್ಲಿ ಹೆರಿಗೆಯ ನಂತರ ಮರಳಿ ಬಂದ ಸೆರೆನಾ ವಿಲಿಯಮ್ಸ್ ಫ್ರೆಂಚ್ ಓಪನ್‌ನಲ್ಲಿ ಮೈಗಂಟಿದ ಕಪ್ಪು ಉಡುಪು ಧರಿಸಿ ಆಡಿದರು. ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದ ಆಕೆಗೆ ಅದರಿಂದ ಅನುಕೂಲವಿತ್ತು. ಕಾಲಿನ ಹಿಮ್ಮಡಿಯ ಹತ್ತಿರದವರೆಗೂ ಮುಚ್ಚಿದ ಬಟ್ಟೆ. ಅಂಥದ್ದನ್ನು ಇನ್ನು ಮುಂದೆ ಒಪ್ಪುವುದಿಲ್ಲವೆಂದು ಫ್ರೆಂಚ್ ಟೆನಿಸ್ ಒಕ್ಕೂಟದ ಅಧ್ಯಕ್ಷರು ಹೇಳಿದರು. ಸಾನಿಯಾ ಉಡುಪು ಗಿಡ್ಡವಾಯಿತು, ಸೆರೆನಾ ಉಡುಪು ಉದ್ದವಾಯಿತು! ನಮ್ಮ ರಾಜ್ಯದಲ್ಲಿ 2022ರ ಫೆಬ್ರವರಿಯಲ್ಲಿ ಏನಾಯಿತು? ತಲೆಯ ಮೇಲೆ ಒಂದು ಗಜ ಬಟ್ಟೆ ಇದೆಯೆಂಬ ಕಾರಣಕ್ಕೆ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ಪುಸ್ತಕ ಹಿಡಿದು ನಿಂತರು. ಅಂದು "ಉಡುಪು ಆ ಹುಡುಗಿಯರ ಆಯ್ಕೆ, ಅದನ್ನು ಕಿತ್ತುಕೊಳ್ಳಲು ನೀವು ಯಾರು" ಎಂದು ನಾವು ಕೇಳಿದೆವು. ಸರಿಯಾಗಿಯೇ ಕೇಳಿದೆವು. ಆದರೆ ಅದೇ ಪ್ರಶ್ನೆಯನ್ನು 2005ರಲ್ಲಿ ನಮ್ಮವರಿಗೆ ಕೇಳಿದ್ದೆವೇ? ತಲೆವಸ್ತ್ರಕ್ಕೆ ಆಯ್ಕೆಯ ಹಕ್ಕು, ಲಂಗಕ್ಕೆ ಇಲ್ಲ ಎಂದರೆ ಅದು ಹಕ್ಕಿನ ಮಾತಾಗುವುದಿಲ್ಲ.

ವಿಂಬಲ್ಡನ್‌ನಷ್ಟು ಬಟ್ಟೆಯ ಕಟ್ಟಳೆ ಇರುವ ಟೂರ್ನಿ ಇನ್ನೊಂದಿಲ್ಲ. ಅಲ್ಲಿ ಬಿಳಿಯೇ ಆಗಬೇಕು. ಆದರೆ ಮುಟ್ಟಿನ ದಿನಗಳಲ್ಲಿ ಬಿಳಿ ಉಡುಪಿನಿಂದಾಗುವ ಆತಂಕವನ್ನು ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ ಮೇಲೆ 2023ರಿಂದ ಒಳಗೆ ಗಾಢ ಬಣ್ಣದ ಚಡ್ಡಿ ಧರಿಸಲು ಅವಕಾಶವಾಯಿತು. 1877ರಲ್ಲಿ ಶುರುವಾದ ಸಂಪ್ರದಾಯವೂ ಹೆಣ್ಣುಮಕ್ಕಳ ಮಾತು ಕೇಳಿ ಒಂದಿಷ್ಟು ಬಾಗಿದೆ. ನಾವು ಬಾಗಲಾರೆವೇ?

ಇನ್ನು ದೇಶದ ಟೇಪಿನ ವಿಷಯ. 2010ರಲ್ಲಿ ಶೋಯೆಬ್ ಮಲಿಕ್ ಜೊತೆ ಮದುವೆಯಾದ ಮೇಲೂ ಸಾನಿಯಾ ಆಡಿದ್ದು ಭಾರತದ ಹೆಸರಿನಲ್ಲೇ. ಆದರೂ 2014ರಲ್ಲಿ ತೆಲಂಗಾಣ ಸರ್ಕಾರ ರಾಯಭಾರಿಯನ್ನಾಗಿ ಮಾಡಿದಾಗ ಶಾಸಕರೊಬ್ಬರು ಆಕೆಯನ್ನು ಪಾಕಿಸ್ತಾನದ ಸೊಸೆ ಎಂದು ಕರೆದರು. ಗಡಿಯಾಚೆಯೂ ಇದೇ ಕಥೆ. 2002ರ ವಿಂಬಲ್ಡನ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಇಸ್ರೇಲಿನ ಅಮೀರ್ ಹದಾದ್ ಜೊತೆ ಡಬಲ್ಸ್ ಆಡಿದ್ದಕ್ಕೆ ನಿಷೇಧ ಹಾಕುತ್ತೇವೆಂದು ಅವರ ದೇಶದ ಅಧಿಕಾರಿಗಳು ಬೆದರಿಸಿದರು. ಅದೇ ಖುರೇಷಿ 2010ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆಗೂಡಿ ಅಮೆರಿಕನ್ ಓಪನ್ ಫೈನಲ್ ತಲುಪಿದರು. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಸೋತರು. ವಿಶ್ವಸಂಸ್ಥೆಯಲ್ಲಿದ್ದ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಒಟ್ಟಿಗೆ ಕೂತು ಆ ಜೋಡಿಯ ಆಟ ನೋಡಿದರು. ಅಂದು ಚಪ್ಪಾಳೆ ತಟ್ಟಿದ ಬನ್ನೂರಿನ ನಾವು ಯಾರ ಪರ? ಬೋಪಣ್ಣನ ಸರ್ವ್‌ಗೆ ತಟ್ಟಿದ ಕೈ ದೇಶಭಕ್ತಿಯದು, ಖುರೇಷಿಯ ವಾಲಿಗೆ ತಟ್ಟಿದ ಕೈ ದೇಶದ್ರೋಹದ್ದೇ? ಒಂದು ಜೋಡಿಯನ್ನು ಅರ್ಧ ಮಾತ್ರ ಮೆಚ್ಚುವುದು ಹೇಗೆಂದು ಬಲ್ಲವರು ನಮಗೆ ಕಲಿಸಿಕೊಡಲಿ.

ಟೆನಿಸ್ ಶ್ರೀಮಂತರ ಆಟ, ಬಹುರಾಷ್ಟ್ರೀಯ ಕಂಪೆನಿಗಳ ಜಾತ್ರೆ, ಬಡ ಮುಸ್ಲಿಮರ ಬವಣೆಗಳ ನಡುವೆ ಇದೊಂದು ದೊಡ್ಡ ವಿಷಯವೇ ಎಂದು ಪ್ರಗತಿಪರ ಗೆಳೆಯರು ಕೇಳಬಹುದು. ಹೌದು, ರ್‍ಯಾಕೆಟ್‌ಗೆ ದುಡ್ಡು ಬೇಕು, ತರಬೇತಿಗೆ ಇನ್ನೂ ಹೆಚ್ಚು ಬೇಕು. ಆದರೆ ಸಂತೋಷಪಡುವ ಹಕ್ಕೂ ಬಡವರಿಗೆ ಇರಬೇಕಾದ ಹಕ್ಕುಗಳಲ್ಲಿ ಒಂದು. ಪಡಿತರ ಚೀಟಿಗೆ ದಾಖಲೆ ಕೇಳುವುದು ಸಾಲದೆಂದು ನಮ್ಮ ಚಪ್ಪಾಳೆಗೂ ದಾಖಲೆ ಕೇಳುವ ಕಾಲದಲ್ಲಿ ಅದು ಸಣ್ಣ ವಿಷಯವಲ್ಲ. ಹಯಾ, ಅಂದರೆ ಲಜ್ಜೆ, ನಮ್ಮ ಧರ್ಮದ ಭಾಗವಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಖಂಡಿತ ಹೌದು. ಆದರೆ ದೃಷ್ಟಿ ತಗ್ಗಿಸಿ ಎಂಬ ಆಜ್ಞೆ ಮೊದಲು ಬಂದದ್ದು ಗಂಡಸರಿಗೆ. ನೋಡಲಾಗದವರು ಟಿವಿ ಆರಿಸಲಿ. ಆಡುವವಳ ಕೈಯಿಂದ ರ್‍ಯಾಕೆಟ್ ಕಿತ್ತುಕೊಳ್ಳುವ ಅಧಿಕಾರ ಅದರಿಂದ ಬರುವುದಿಲ್ಲ.

ಇಷ್ಟೆಲ್ಲ ಬರೆದ ನಾವು ನಿರಪರಾಧಿಗಳೆಂದು ಓದುಗರು ತಿಳಿಯಬಾರದು. 2015ರ ಆ ರಾತ್ರಿ ನಮ್ಮ ಜೊತೆ ಹನ್ನೊಂದು ವರ್ಷದ ನಮ್ಮ ಅಕ್ಕನ ಮಗಳೂ ಇದ್ದಳು. ಮರುವಾರದಿಂದಲೇ ಹಳೆಯ ಶಟಲ್ ರ್‍ಯಾಕೆಟ್ ಹಿಡಿದು, ರಬ್ಬರ್ ಚೆಂಡನ್ನು ಹಿತ್ತಲ ಗೋಡೆಗೆ ಹೊಡೆಯತೊಡಗಿದಳು. ಎರಡು ವರ್ಷ ಹೊಡೆದಳು. ಗೋಡೆಯ ಸುಣ್ಣ ಉದುರಿ ಒಂದು ಗುಂಡನೆಯ ಕಲೆ ಬಿತ್ತು. ಹದಿಮೂರು ತುಂಬಿದಾಗ ಶಾಲೆಯ ಮೈದಾನಕ್ಕೆ ಹೋಗಿ ಆಡುತ್ತೇನೆಂದಳು. ನಾವು ಬೇಡವೆಂದೆವು. ಮಸೀದಿಯ ಹಿರಿಯರು ಬೇಡವೆಂದಿದ್ದಲ್ಲ, ಬಸ್ ನಿಲ್ದಾಣದ ಗೆಳೆಯರೂ ಅಲ್ಲ. ನಡುರಾತ್ರಿ ಸಾನಿಯಾಗೆ ಚಪ್ಪಾಳೆ ತಟ್ಟಿದ ನಾವೇ. ಜನ ಏನೆಂದಾರು ಎಂಬ ಭಯ. "ಮಾಮು, ಟಿವಿಯಲ್ಲಿ ಬಂದ ಮೇಲೆ ಮಾತ್ರ ಆಡಬಹುದಾ?" ಎಂದು ಕೇಳಿದಳು. ಆ ಪ್ರಶ್ನೆಗೆ ನಾವು ಅಂದೂ ಉತ್ತರ ಕೊಡಲಿಲ್ಲ. ಮೂರನೆಯ ಟೇಪು ನಮ್ಮ ಕೈಯಲ್ಲೇ ಇತ್ತು. ಬೇರೆಯವರ ಮಗಳು ಗೆದ್ದರೆ ಹೆಮ್ಮೆ, ನಮ್ಮ ಮಗಳು ಆಡಿದರೆ ಅವಮಾನ ಎಂದು ಅಳೆಯುವ ಆ ಟೇಪು ಎಲ್ಲಕ್ಕಿಂತ ಗಟ್ಟಿಯಾದದ್ದು.

2023ರ ಜನವರಿಯಲ್ಲಿ ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲಾಮ್ ಪಂದ್ಯವನ್ನು ಮೆಲ್ಬರ್ನ್‌ನಲ್ಲಿ ಆಡಿದರು. ಮಿಶ್ರ ಡಬಲ್ಸ್ ಫೈನಲ್, ಜೊತೆಗಾರ ಬೋಪಣ್ಣ. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆಯ ಮೊದಲ ಮಿಶ್ರ ಡಬಲ್ಸ್ ಜೊತೆಗಾರನೂ ಅವರೇ. ಸೋತರು. ಆರು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದಾಕೆ ಅತ್ತರು, ಪುಟ್ಟ ಮಗ ನೋಡುತ್ತಿದ್ದ. ಮರುವರ್ಷ ಅದೇ ಮೆಲ್ಬರ್ನ್‌ನಲ್ಲಿ ಬೋಪಣ್ಣ 43ನೆಯ ವಯಸ್ಸಿನಲ್ಲಿ ಪುರುಷರ ಡಬಲ್ಸ್ ಗೆದ್ದರು. 2025ರಲ್ಲಿ ಅವರೂ ನಿವೃತ್ತರಾದರು. ಆಡುವವರು ಆಡಿ ಹೋದರು. ಅಳೆಯುವವರು ಮಾತ್ರ ಇನ್ನೂ ನಿವೃತ್ತರಾಗಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬನ್ನೂರಿಗೆ ವಿಂಬಲ್ಡನ್ ಬರಬೇಕೆಂದು ನಾವು ಕೇಳುತ್ತಿಲ್ಲ. ಊರಿನ ಶಾಲಾ ಮೈದಾನದಲ್ಲಿ ದಿನಕ್ಕೆ ಒಂದು ಗಂಟೆ ಹೆಣ್ಣುಮಕ್ಕಳಿಗೆಂದು ಬಿಟ್ಟುಕೊಡಿ. ತಲೆವಸ್ತ್ರ ತೊಟ್ಟು ಬರುವವಳು ತೊಟ್ಟು ಬರಲಿ, ತೊಡದವಳು ಹಾಗೇ ಬರಲಿ. ಜಮಾಅತಿನ ಹಿರಿಯರು ಬಂದು ನೋಡಲಿ, ಬಸ್ ನಿಲ್ದಾಣದ ಗೆಳೆಯರೂ ಬರಲಿ. ಎರಡು ಕಂಬ ನೆಟ್ಟು, ಬಲೆ ಕಟ್ಟಿ, ಸುಣ್ಣದ ಗೆರೆ ಎಳೆಯುವ ಕೆಲಸಕ್ಕೆ ನಾವು ಬರುತ್ತೇವೆ. ಆಗ ಟೇಪು ಬೇಕಾಗುತ್ತದೆ. 78 ಅಡಿ ಉದ್ದ, 36 ಅಡಿ ಅಗಲ. ಅಷ್ಟು ಅಳೆದ ಮೇಲೆ ಅದನ್ನು ಸುತ್ತಿ ಒಳಗಿಡೋಣ.

ಹಿತ್ತಲ ಗೋಡೆಗೆ ನಾವು ಇಲ್ಲಿಯವರೆಗೆ ಸುಣ್ಣ ಹೊಡೆಸಿಲ್ಲ. ಆ ಕಲೆ ನಮ್ಮ ಕಣ್ಣಿಗೆ ಬೀಳುತ್ತಿರಲಿ ಎಂದು ಹಾಗೇ ಬಿಟ್ಟಿದ್ದೇವೆ.